ಒಂದೇ ಅಳತೆಯ ಲಿವರ್ ಉಂಡೆ ಬೆಳೆಸುವುದು ಹೇಗೆ? ಪ್ಲೇಟಿಂದ ಪ್ಲೇಟಿಗೆ ಲೆಕ್ಕ ಕೂಡುತ್ತಿಲ್ಲ

ಕಿಟ್ಟಿ_ಲ್ಯಾಬ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೈಯಾರೆ ಸೆಲ್ ಬೆಳೆಸುವವರು ಮೂರ್ನಾಲ್ಕು ಜನ ಇದ್ದೀರಿ ಅಂತ ಗೊತ್ತು, ಅದಕ್ಕೆ ಇಲ್ಲೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೈಯಬೇಡಿ.

ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಐಪಿಎಸ್ ಸೆಲ್‌ಗಳಿಂದ (ಯಾವ ಅಂಗದ ಸೆಲ್ ಬೇಕಾದರೂ ಆಗಬಲ್ಲ ಸ್ಟೆಮ್ ಸೆಲ್) ಲಿವರ್ ಆರ್ಗನಾಯ್ಡ್, ಅಂದರೆ ಲಿವರ್ ತರಹದ ಪುಟ್ಟ ಉಂಡೆ, ಬೆಳೆಸುತ್ತಿದ್ದೇನೆ. ದಾರಿ ಹೆಚ್ಚುಕಮ್ಮಿ ಎಲ್ಲರದೂ ಒಂದೇ. ಮೊದಲ ನಾಲ್ಕು ದಿನ ಆಕ್ಟಿವಿನ್ ಎ ಅನ್ನುವ ಪ್ರೋಟೀನ್ ಹಾಕಿ ಎಂಡೋಡರ್ಮ್ (ಭ್ರೂಣದಲ್ಲಿ ಲಿವರ್ ಹುಟ್ಟುವ ಒಳಪದರ) ಮಾಡುವುದು, ಆಮೇಲೆ ಬಿಎಂಪಿ4 ಮತ್ತು ಎಫ್‌ಜಿಎಫ್2, ಆಮೇಲೆ ಎಚ್‌ಜಿಎಫ್, ಕೊನೆಗೆ ಆಂಕೋಸ್ಟಾಟಿನ್ ಎಂ ಜೊತೆಗೆ ಡೆಕ್ಸಾಮೆಥಸೋನ್. ಎಂಟನೇ ದಿನ ಸೆಲ್‌ಗಳನ್ನು ಎಬ್ಬಿಸಿ ಮ್ಯಾಟ್ರಿಜೆಲ್ ಹನಿಯೊಳಗೆ ಕೂರಿಸುತ್ತೇನೆ. 24ನೇ ದಿನ ಔಷಧಿ ಹಾಕಿ ನೋಡುವುದು.

ತೊಂದರೆ ಏನಪ್ಪಾ ಅಂದರೆ ಒಂದೇ ಹನಿಯಲ್ಲಿ 60 ಮೈಕ್ರಾನಿನ ಉಂಡೆಯೂ ಇರುತ್ತದೆ, 500 ಮೈಕ್ರಾನಿನದೂ ಇರುತ್ತದೆ. ಕೆಲವು ಟೊಳ್ಳು, ಕೆಲವು ಗಟ್ಟಿ. ಲಿವರ್ ಕೆಡಿಸುವ ಟ್ರೋವಾಫ್ಲಾಕ್ಸಸಿನ್ ಮತ್ತು ಅಷ್ಟಾಗಿ ಕೆಡಿಸದ ಅದರ ಸೋದರ ಲೆವೋಫ್ಲಾಕ್ಸಸಿನ್ ಜೋಡಿ ಹಾಕಿ ನೋಡಿದೆ. ಒಂದು ಪ್ಲೇಟಿನಲ್ಲಿ ಎರಡೂ ವಿಷ, ಇನ್ನೊಂದರಲ್ಲಿ ಎರಡೂ ನೀರು. ಔಷಧಿ ಹಾಕದ ವೆಲ್ಲುಗಳಲ್ಲೇ (ಪ್ಲೇಟಿನ ಬಟ್ಟಲುಗಳು) ಎಟಿಪಿ ಓದು, ಅಂದರೆ ಸೆಲ್ ಬದುಕಿದ್ದಷ್ಟೂ ಬೆಳಕು ಕೊಡುವ ಪರೀಕ್ಷೆಯ ಅಂಕಿ, 38% ಅತ್ತಿತ್ತ ಆಡುತ್ತಿದೆ. ನಮ್ಮ ಬಾಸ್ ಹೇಳುವುದು ಒಂದೇ ಮಾತು, ಚೆನ್ನಾಗಿ ಕಾಣುವುದನ್ನು ಆರಿಸಿಕೋ. ನನಗೆ ಅದು ಯಾಕೋ ಸರಿ ಅನಿಸುತ್ತಿಲ್ಲ. ಏನು ಮಾಡಲಿ?

ಹಳೇ_ಪಿಪೆಟ್

ಕಿಟ್ಟಿ, ನಿಮ್ಮ ಬಾಸ್ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ಆ ಹನಿಯನ್ನು ಬಿಡಿ.

ಮ್ಯಾಟ್ರಿಜೆಲ್ ಅಂದರೆ ಇಲಿಯ ಒಂದು ಗಡ್ಡೆಯಿಂದ ತೆಗೆದ ಅಂಟು. ಲ್ಯಾಮಿನಿನ್ ಸುಮಾರು 60%, ನಾಲ್ಕನೇ ಬಗೆಯ ಕೊಲಾಜನ್ ಸುಮಾರು 30%, ಉಳಿದದ್ದು ಏನೇನೋ. ಆ ಏನೇನೋ ಅನ್ನುವುದು ಲಾಟಿಂದ ಲಾಟಿಗೆ ಬದಲಾಗುತ್ತದೆ. ಅದೂ ಬಿಡಿ, ಒಂದೇ ಹನಿಯೊಳಗೇ ಎರಡು ಊರು ಇದೆ. ಅಂಚಿನಲ್ಲಿರುವ ಸೆಲ್‌ಗೆ ಮೀಡಿಯಾ (ಸೆಲ್‌ನ ಊಟದ ದ್ರಾವಣ) ಮೊದಲು ಸಿಗುತ್ತದೆ, ನಡುವಿನದಕ್ಕೆ ಕೊನೆಗೆ. ಹನಿ ಗಟ್ಟಿಯಾಗುವ ಮುಂಚೆ ಕೆಲವು ತಳಕ್ಕೆ ಇಳಿದು ಪ್ಲಾಸ್ಟಿಕ್‌ಗೆ ಅಂಟಿ ಚಪ್ಪಟೆ ಆಗಿಬಿಡುತ್ತವೆ. ಪಕ್ಕಪಕ್ಕ ಬಿದ್ದ ಎರಡು ಉಂಡೆ ಕೂಡಿಕೊಂಡು ಒಂದಾಗುತ್ತವೆ. ಒಂದೇ ಅಳತೆ ಬರಲಿ ಅಂದರೆ ಎಲ್ಲಿಂದ ಬರಬೇಕು?

ಮೈಕ್ರೋವೆಲ್ ಪ್ಲೇಟ್ ಬಳಸಿ, ಒಂದೊಂದು ವೆಲ್ಲಿನ ತಳದಲ್ಲೂ ಪುಟ್ಟ ಗುಳಿಗಳಿರುತ್ತವೆ. ಪಡ್ಡಿನ ಕಾವಲಿ ನೋಡಿದ್ದೀರಲ್ಲ, ಅದೇ. ಬೋಂಡಾ ಬಿಟ್ಟ ಹಾಗೆ ಕೈಯಿಂದ ಎಣ್ಣೆಗೆ ಬಿಟ್ಟರೆ ಒಂದು ದೊಡ್ಡದು ಒಂದು ಚಿಕ್ಕದು. ಚಿಕ್ಕದು ಸೀಯುತ್ತದೆ, ದೊಡ್ಡದು ಒಳಗೆ ಹಸಿ. ಗುಳಿ ಇದ್ದರೆ ಹಿಟ್ಟಿಗೆ ಬೇರೆ ದಾರಿ ಇಲ್ಲ. 24 ವೆಲ್ ಪ್ಲೇಟಿನಲ್ಲಿ 400 ಮೈಕ್ರಾನ್ ಗುಳಿಯದ್ದು ತಗೊಂಡರೆ ಒಂದೊಂದು ವೆಲ್ಲಿನಲ್ಲೂ ಸುಮಾರು 1200 ಗುಳಿ ಇರುತ್ತದೆ. ಗುಳಿಗೆ 500 ಸೆಲ್ ಅಂದರೆ ವೆಲ್ಲಿಗೆ 6 ಲಕ್ಷ. ಮೊದಲು ಅಂಟದ ಹಾಗೆ ಮಾಡುವ ದ್ರಾವಣ ಹಾಕಿ ಪ್ಲೇಟನ್ನೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಗುಳಿಯೊಳಗಿನ ಗಾಳಿ ಗುಳ್ಳೆ ಹೋಗಬೇಕು. ಆಮೇಲೆ ಸೆಲ್ ಹಾಕಿ 100 ಜಿ ವೇಗದಲ್ಲಿ 3 ನಿಮಿಷ ಮಾತ್ರ. ಮೊದಲ ದಿನ ರಾಕ್ ಇನ್ಹಿಬಿಟರ್ 10 ಮೈಕ್ರೋಮೋಲಾರ್ ಇರಲೇಬೇಕು, ಇಲ್ಲದಿದ್ದರೆ ಒಂಟಿ ಸೆಲ್‌ಗಳು ಬೆಳಗಾಗುವಷ್ಟರಲ್ಲಿ ಸತ್ತಿರುತ್ತವೆ.

ಲೆಕ್ಕದ_ಮೇಷ್ಟ್ರು

ನಾನು ತುಮಕೂರಿನ ನಿವೃತ್ತ ಗಣಿತ ಮೇಷ್ಟ್ರು, ನಿಮ್ಮ ವಿಷಯ ಅರ್ಧ ಅರ್ಥ ಆಗಲಿಲ್ಲ. ಆದರೆ ಒಂದು ಲೆಕ್ಕ ಮಾತ್ರ ಕಣ್ಣಿಗೆ ಬಿತ್ತು, ಹೇಳದೆ ಇರಲಾರೆ.

60 ಮತ್ತು 500 ಅಂದಿರಿ. ಅದು ವ್ಯಾಸ. ಗೋಳದ ಗಾತ್ರ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 500ನ್ನು 60ರಿಂದ ಭಾಗಿಸಿದರೆ ಸುಮಾರು 8.33. ಅದರ ಘನ 578 ಚಿಲ್ಲರೆ. ಅಂದರೆ ನಿಮ್ಮ ದೊಡ್ಡ ಉಂಡೆಯಲ್ಲಿ ಚಿಕ್ಕದರ 578 ಪಟ್ಟು ಸರಕಿದೆ. ಒಂದೇ ಪ್ರಮಾಣದ ಔಷಧಿ ಎರಡಕ್ಕೂ ಹಾಕಿ ಉತ್ತರ ಬೇರೆ ಬಂತು ಅಂದರೆ ಆಶ್ಚರ್ಯ ಯಾಕೆ?

ಇನ್ನೂ ಒಂದು. ವ್ಯಾಸದಲ್ಲಿ ಬರೀ 10% ವ್ಯತ್ಯಾಸ ಇದ್ದರೂ ಗಾತ್ರದಲ್ಲಿ 33% ಆಗುತ್ತದೆ. 1.1ರ ಘನ 1.331. ಕಣ್ಣಿಗೆ 10% ಕಾಣುತ್ತದಾ?

ಅಂದ ಹಾಗೆ ಈ ಆರ್ಗನಾಯ್ಡ್ ಅಂದರೆ ಏನು, ಯಾಕೆ ಬೆಳೆಸುತ್ತೀರಿ, ಯಾರಾದರೂ ನಾಲ್ಕು ಸಾಲಲ್ಲಿ ಹೇಳಿ ಪುಣ್ಯ ಕಟ್ಟಿಕೊಳ್ಳಿ.

ಕಿಟ್ಟಿ_ಲ್ಯಾಬ್

ಮೇಷ್ಟ್ರೇ!! ಒಂದೂವರೆ ವರ್ಷದಿಂದ ವ್ಯಾಸದ ಗ್ರಾಫ್ ಹಾಕಿಕೊಂಡು ಕೂತಿದ್ದೇನೆ, ಘನ ಮಾಡಿ ನೋಡಲೇ ಇಲ್ಲ.

ಡಚ್ಚರ_ಊರಿಂದ

ಮೇಷ್ಟ್ರೇ, ನಾನು ಹೇಳುತ್ತೇನೆ. ನಾಲ್ಕು ಸಾಲು ಮೀರುತ್ತದೆ, ಕ್ಷಮಿಸಿ.

2006ರಲ್ಲಿ ಜಪಾನಿನ ಕ್ಯೋಟೋದಲ್ಲಿ ಶಿನ್ಯಾ ಯಮನಾಕಾ ಅವರು ಇಲಿಯ ಸಾಮಾನ್ಯ ಸೆಲ್‌ಗೆ ನಾಲ್ಕು ಜೀನ್ ಸೇರಿಸಿ ಅದನ್ನು ಭ್ರೂಣದ ಮೊದಲ ದಿನಗಳ ಸೆಲ್ ತರಹ ಮಾಡಿದರು. 2007ರಲ್ಲಿ ಮನುಷ್ಯರ ಚರ್ಮದ ಸೆಲ್‌ನಲ್ಲೂ ಮಾಡಿದರು. 2012ರಲ್ಲಿ ನೊಬೆಲ್ ಬಂತು, ಜಾನ್ ಗರ್ಡನ್ ಅವರ ಜೊತೆ. ಅದೇ ಐಪಿಎಸ್ ಸೆಲ್. ಅದಕ್ಕೆ ದಿನ ದಿನಕ್ಕೆ ಸರಿಯಾದ ಪ್ರೋಟೀನ್ ಕೊಟ್ಟರೆ ಗರ್ಭದೊಳಗೆ ಲಿವರ್ ಹೇಗೆ ಹುಟ್ಟುತ್ತದೋ ಆ ದಾರಿಯಲ್ಲೇ ಸಾಗುತ್ತದೆ. ಕೊನೆಗೆ ಸಾಸಿವೆಗಿಂತ ಚಿಕ್ಕ ಉಂಡೆ ಆಗುತ್ತದೆ. ಅಲ್ಬುಮಿನ್ ಸ್ರವಿಸುತ್ತದೆ, ಔಷಧಿಯನ್ನು ಒಂದಿಷ್ಟು ಒಡೆಯುತ್ತದೆ. ಅದು ಲಿವರ್ ಅಲ್ಲ. ರಕ್ತ ಹರಿಯುವುದಿಲ್ಲ, ಪಿತ್ತ ಹೊರಗೆ ಹೋಗಲು ಕೊಳವೆ ಇಲ್ಲ.

2013ರಲ್ಲಿ ಯೊಕೊಹಾಮಾದಲ್ಲಿ ತಕಾನೊರಿ ತಕೆಬೆ ತಂಡದವರು ಲಿವರ್ ಸೆಲ್ ಜೊತೆಗೆ ರಕ್ತನಾಳದ ಸೆಲ್ ಮತ್ತು ಮೆಸೆಂಕೈಮ್ (ಅಂಗಕ್ಕೆ ಆಧಾರ ಕೊಡುವ) ಸೆಲ್ ಸೇರಿಸಿ ಇಟ್ಟರು. ಅವು ತಾವೇ ಒಟ್ಟಾಗಿ ಲಿವರ್ ಮೊಗ್ಗು ಆದವು. 2017ರಲ್ಲಿ ಮೂರೂ ಬಗೆಯ ಸೆಲ್‌ಗಳನ್ನು ಐಪಿಎಸ್‌ನಿಂದಲೇ ಮಾಡಿ, ಗುಳಿಗಳಿರುವ ಪ್ಲೇಟುಗಳಲ್ಲಿ ಸಾವಿರಗಟ್ಟಲೆ ಒಂದೇ ತರಹದ ಮೊಗ್ಗು ಬೆಳೆಸಿ ತೋರಿಸಿದರು. ಕಿಟ್ಟಿ ಅವರೇ, ಹಳೇ ಪಿಪೆಟ್ ಅಕ್ಕ ಹೇಳಿದ ಪಡ್ಡಿನ ಕಾವಲಿ ಅದೇ.

ನಾನಿರುವ ಉಟ್ರೆಕ್ಟ್ ಕಡೆ ಇನ್ನೊಂದು ದಾರಿ ಇದೆ. ಹಾನ್ಸ್ ಕ್ಲೆವರ್ಸ್ ತಂಡದಿಂದ ಬಂದದ್ದು, ವಯಸ್ಕರ ಅಂಗದಿಂದಲೇ ಸ್ಟೆಮ್ ಸೆಲ್ ತೆಗೆದು ಬೆಳೆಸುವುದು. 2015ರಲ್ಲಿ ಮನುಷ್ಯರ ಲಿವರ್‌ನದ್ದು ತಿಂಗಳುಗಟ್ಟಲೆ ಬೆಳೆಯಿತು. ಆದರೆ ಅವು ಪಿತ್ತನಾಳದ ಕಡೆ ವಾಲುವುದು ಜಾಸ್ತಿ. ಔಷಧಿ ಪರೀಕ್ಷೆಗೆ ನೀವು ಹಿಡಿದ ದಾರಿಯೇ ಪರವಾಗಿಲ್ಲ.

ಹಳೇ_ಪಿಪೆಟ್

ಯಾಕೆ ಬೆಳೆಸುತ್ತೀರಿ ಅನ್ನುವುದಕ್ಕೆ ನಾನು ಒಂದೇ ಕಥೆ ಹೇಳುತ್ತೇನೆ ಮೇಷ್ಟ್ರೇ. 1993ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಫಿಯಾಲುರಿಡೀನ್ ಅನ್ನುವ ಔಷಧಿಯನ್ನು ಹೆಪಟೈಟಿಸ್ ಬಿ ಇದ್ದ 15 ಜನರಿಗೆ ಕೊಟ್ಟರು. ಪ್ರಾಣಿಗಳಲ್ಲಿ ಅಂಥ ಸುಳಿವು ಸಿಕ್ಕಿರಲಿಲ್ಲ. ಕೆಲವು ವಾರ ಆದಮೇಲೆ 7 ಜನರ ಲಿವರ್ ಕೈಕೊಟ್ಟಿತು. 5 ಜನ ತೀರಿಕೊಂಡರು, ಇಬ್ಬರು ಲಿವರ್ ಕಸಿ ಮಾಡಿಸಿಕೊಂಡು ಉಳಿದರು. ಔಷಧಿ ಮನುಷ್ಯರ ಮೈಟೋಕಾಂಡ್ರಿಯಾದೊಳಗೆ (ಸೆಲ್‌ಗೆ ಶಕ್ತಿ ಕೊಡುವ ಭಾಗ) ನುಗ್ಗುತ್ತಿತ್ತು. ಇಲಿಯ ಮೈಟೋಕಾಂಡ್ರಿಯಾದಲ್ಲಿ ಅದನ್ನು ಒಳಗೆ ಸಾಗಿಸುವ ಬಾಗಿಲೇ ಇಲ್ಲ.

ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ಓದಿ ನಾನು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

ಸಿಆರ್‌ಒ_ಸಂಕಟ

ಎಲ್ಲ ಸರಿ. ನಾನು ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇನ್ನೊಬ್ಬರ ಔಷಧಿ ಪರೀಕ್ಷೆ ಮಾಡಿಕೊಡುವ ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ.

ಎಲ್ಲ ಉಂಡೆ ಒಂದೇ ಅಳತೆ ಇದ್ದರೆ ಒಳಗೂ ಒಂದೇ ಅಂತ ಯಾರು ಹೇಳಿದರು? ಚೆಂದದ 200 ಮೈಕ್ರಾನ್ ಉಂಡೆಗಳನ್ನು ಕತ್ತರಿಸಿ ಬಣ್ಣ ಹಾಕಿ ನೋಡಿದ್ದೇನೆ. ಒಂದರಲ್ಲಿ ಲಿವರ್ ಸೆಲ್‌ನ ಗುರುತಾದ ಎಚ್‌ಎನ್‌ಎಫ್4ಎ ಪ್ರೋಟೀನ್ ತುಂಬಿದೆ. ಪಕ್ಕದ್ದರಲ್ಲಿ ಅರ್ಧಕ್ಕರ್ಧ ಫೈಬ್ರೋಬ್ಲಾಸ್ಟ್ (ನಾರು ಕಟ್ಟುವ ಸೆಲ್) ತರಹದ್ದು. ಹೊರಗಿನಿಂದ ಅವಳಿ ಜವಳಿ.

ಎರಡನೆಯದು, ಇವು ಎಷ್ಟೇ ಬೆಳೆದರೂ ಹುಟ್ಟದ ಮಗುವಿನ ಲಿವರ್ ತರಹ. ಭ್ರೂಣದ ಲಿವರ್ ಮಾಡುವ ಎಎಫ್‌ಪಿ ಪ್ರೋಟೀನ್ ಇನ್ನೂ ಬರುತ್ತಿರುತ್ತದೆ. ದೊಡ್ಡವರಲ್ಲಿ ಇರಬೇಕಾದ ಸಿಪ್3ಎ4 ಕಿಣ್ವಕ್ಕಿಂತ ಭ್ರೂಣದ ಸಿಪ್3ಎ7 ಜಾಸ್ತಿ. ಪ್ಯಾರಾಸಿಟಮಾಲನ್ನೇ ತಗೊಳ್ಳಿ. ಅದು ತಾನೇ ವಿಷ ಅಲ್ಲ, ಸಿಪ್2ಇ1 ಅದನ್ನು ಎನ್‌ಎಪಿಕ್ಯೂಐ ಮಾಡಿದಾಗ ವಿಷ. ಕಿಣ್ವ ಇಲ್ಲದ ಉಂಡೆಗೆ ಪ್ಯಾರಾಸಿಟಮಾಲ್ ಹಾಕಿದರೆ ಅದು ಆರಾಮಾಗಿ ಇರುತ್ತದೆ. ನೀವು ಸೇಫ್ ಅಂತ ಬರೆಯುತ್ತೀರಿ.

ಮೂರನೆಯದು ಆ ಆರಿಸುವ ವಿಷಯ. ನಿಮ್ಮ ಬಾಸ್‌ಗೆ ನನ್ನ ಕಡೆಯಿಂದ ದೊಡ್ಡ ನಮಸ್ಕಾರ. ಚೆನ್ನಾಗಿ ಕಾಣುವುದು ಅಂದರೆ ಯಾರ ಕಣ್ಣಿಗೆ? ಸೋಮವಾರದ ಕಣ್ಣಿಗೋ ಶುಕ್ರವಾರ ಸಂಜೆ ಏಳು ಗಂಟೆಯ ಕಣ್ಣಿಗೋ?

ಹಳೇ_ಪಿಪೆಟ್

ಆರಿಸುವುದು ಬೇರೆ, ಜರಡಿ ಹಿಡಿಯುವುದು ಬೇರೆ. 100 ಮೈಕ್ರಾನ್ ಮತ್ತು 200 ಮೈಕ್ರಾನ್ ಬಲೆ ಎರಡರಲ್ಲೂ ಹಾಯಿಸಿ ನಡುವಿನದ್ದು ತಗೊಂಡರೆ ಅದು ನಿಯಮ. ಮೊದಲೇ ಬರೆದಿಟ್ಟ ನಿಯಮ ಇದ್ದರೆ ತಪ್ಪಿಲ್ಲ.

ಸಿಆರ್‌ಒ_ಸಂಕಟ

ಒಪ್ಪಿದೆ. ಆದರೆ ಎಷ್ಟು ಎಸೆದಿರಿ ಅಂತಲೂ ಬರೆಯಬೇಕು. 70% ಎಸೆದು ಉಳಿದದ್ದು ಒಂದೇ ತರಹ ಇದೆ ಅಂದರೆ ಅದು ಬೆಳೆಸಿದ್ದಲ್ಲ, ಹೆಕ್ಕಿದ್ದು.

ನಂಬದವ

ಸುಮ್ನೆ ಇಷ್ಟೆಲ್ಲ ಯಾಕೆ, ಹೆಪ್‌ಜಿ2 ಸೆಲ್ ಬೆಳೆಸಿ. ಅಗ್ಗ, ಸಾಯುವುದಿಲ್ಲ, ಎಲ್ಲ ಒಂದೇ ತರಹ.

ಡಚ್ಚರ_ಊರಿಂದ

ಒಂದೇ ತರಹ ಹೌದು, ಲಿವರ್ ತರಹ ಅಲ್ಲ. ಅದು 1970ರ ದಶಕದಲ್ಲಿ ಅರ್ಜೆಂಟೀನಾದ 15 ವರ್ಷದ ಹುಡುಗನ ಲಿವರ್ ಗಡ್ಡೆಯಿಂದ ತೆಗೆದದ್ದು. ಔಷಧಿ ಒಡೆಯುವ ಕಿಣ್ವಗಳು ಅದರಲ್ಲಿ ಬಹಳ ಕಡಿಮೆ. ಮೇಲೆ ಪ್ಯಾರಾಸಿಟಮಾಲ್ ಕಥೆ ಹೇಳಿದರಲ್ಲ, ಅದೇ ಗತಿ.

ಕಿಟ್ಟಿ_ಲ್ಯಾಬ್

ಎರಡು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೈಕ್ರೋವೆಲ್ ಪ್ಲೇಟ್‌ಗಳನ್ನು ಪಕ್ಕದ ಲ್ಯಾಬ್‌ನಿಂದ ಸಾಲ ತಂದೆ. ಮರುದಿನ ಬೆಳಗ್ಗೆ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ನಿಜವಾಗಲೂ ಖುಷಿ ಆಯಿತು. ಸಾಲು ಸಾಲಾಗಿ ಒಂದೇ ತರಹದ ಉಂಡೆ. ವ್ಯಾಸದ ವ್ಯತ್ಯಾಸ ವೆಲ್ಲಿನೊಳಗೆ 6%. ಸ್ವೀಟ್ ಹಂಚಿದೆ.

ಆದರೆ ಎಟಿಪಿ ಓದು? 38ರಿಂದ 29ಕ್ಕೆ ಬಂತು ಅಷ್ಟೇ. ವೆಲ್ಲಿನೊಳಗೆ ಚೆನ್ನಾಗಿದೆ. ವೆಲ್ಲಿಂದ ವೆಲ್ಲಿಗೆ ಮತ್ತೆ ಅದೇ ಗೋಳು. ಕಣ್ಣಿಗೆ ಎಲ್ಲ ವೆಲ್ಲೂ ಒಂದೇ. ನನಗೆ ತಲೆ ಕೆಟ್ಟಿದೆ.

ಲೆಕ್ಕದ_ಮೇಷ್ಟ್ರು

ಕಿಟ್ಟಿಯವರೇ, ಮೊನ್ನೆಯ ಲೆಕ್ಕವನ್ನೇ ತಿರುಗಿಸಿ ಹಾಕಿ. ಒಂದು ಗುಳಿಗೆ 500 ಸೆಲ್, ಇನ್ನೊಂದಕ್ಕೆ 1000 ಬಿತ್ತು ಅನ್ನಿ. ಸರಕು ಎರಡು ಪಟ್ಟು. ವ್ಯಾಸ ಎಷ್ಟು ಪಟ್ಟು? ಎರಡರ ಘನಮೂಲ, 1.26. ಮೊದಲನೆಯದು 160 ಮೈಕ್ರಾನ್ ಇದ್ದರೆ ಎರಡನೆಯದು ಸುಮಾರು 200. ಅಂದರೆ ಸೆಲ್ ದುಪ್ಪಟ್ಟಾದರೂ ಉಂಡೆ ಕಾಲು ಭಾಗ ಮಾತ್ರ ಅಗಲ ಕಾಣುತ್ತದೆ. ನಿಮ್ಮ ಕಣ್ಣು ಅದನ್ನು ಒಂದೇ ಅಂತ ಬಿಟ್ಟುಬಿಡುತ್ತದೆ. ಅಳತೆಪಟ್ಟಿ ಬದಲಿಸಿ.

ಹಳೇ_ಪಿಪೆಟ್

ಮೇಷ್ಟ್ರನ್ನು ನಮ್ಮ ಲ್ಯಾಬ್‌ಗೆ ಕರೆಸಿಕೊಳ್ಳಬೇಕು.

ಕಿಟ್ಟಿ, ವೆಲ್ಲಿಂದ ವೆಲ್ಲಿಗೆ ಅಂದರೆ ಗುಳಿಯ ತಪ್ಪಲ್ಲ, ನಿಮ್ಮ ಕೈಯದ್ದು. ಯಾವ ವೆಲ್ಲುಗಳಲ್ಲಿ ಜಾಸ್ತಿ, ಯಾವುದರಲ್ಲಿ ಕಡಿಮೆ? ನೀವು ಹಾಕಿದ ಕ್ರಮದಲ್ಲೇ ಬರೆದು ನೋಡಿ.

ಕಿಟ್ಟಿ_ಲ್ಯಾಬ್

ಅಯ್ಯೋ.

ಮೊದಲ ಸಾಲು ಜಾಸ್ತಿ. ಕೊನೆಯ ಸಾಲು ಕಡಿಮೆ. ಇಳಿಜಾರು ತರಹ ಇದೆ. ಮೂರು ಪ್ಲೇಟಿನಲ್ಲೂ ಹಾಗೇ ಇದೆ.

ಇವತ್ತು ಮತ್ತೆ ಹಾಕುವಾಗ ಬೇಕೆಂದೇ ನಿಧಾನ ಮಾಡಿ ಸೆಲ್ ಇರುವ 15 ಮಿಲಿ ಟ್ಯೂಬನ್ನು ಹುಡ್‌ನ (ಶುದ್ಧ ಗಾಳಿಯ ಕೆಲಸದ ಪೆಟ್ಟಿಗೆ) ದೀಪಕ್ಕೆ ಹಿಡಿದು ನೋಡಿದೆ. ಮೊದಲು ಇಡೀ ಟ್ಯೂಬ್ ಮಂಜು ಮಂಜಾಗಿತ್ತು. ನಾಲ್ಕು ನಿಮಿಷದಲ್ಲಿ ಮೇಲೆ ಒಂದು ಬೆರಳಗಲ ತಿಳಿ. ಏಳು ನಿಮಿಷಕ್ಕೆ ಅರ್ಧ ತಿಳಿ, ತುದಿಯಲ್ಲಿ ಬಿಳಿ ಗಸಿ. ನನಗೆ 24 ವೆಲ್ ತುಂಬಲು ಹನ್ನೊಂದು ನಿಮಿಷ ಬೇಕು. ಪಿಪೆಟ್ ತುದಿಯನ್ನು ಯಾವಾಗಲೂ ತಳಕ್ಕೇ ಇಡುತ್ತಿದ್ದೆ. ಮೊದಲಿನವಕ್ಕೆ ಗಸಿ, ಕೊನೆಯವಕ್ಕೆ ತಿಳಿ. ರಾಗಿ ಅಂಬಲಿ ಕಲಕದೆ ಬಡಿಸಿದ ಹಾಗೆ. ನಮ್ಮಜ್ಜಿ ನೋಡಿದ್ದರೆ ಸೌಟಲ್ಲೇ ಹೊಡೆಯುತ್ತಿದ್ದರು.

ಹಳೇ_ಪಿಪೆಟ್

ಎಲ್ಲರೂ ಮಾಡಿದ ತಪ್ಪು ಅದು. ಪ್ರತಿ ನಾಲ್ಕು ವೆಲ್ಲಿಗೊಮ್ಮೆ ಟ್ಯೂಬ್ ತಲೆಕೆಳಗು ಮಾಡಿ, ಮೆತ್ತಗೆ. ಜೋರಾಗಿ ಪಿಪೆಟ್ ಎಳೆದುಬಿಟ್ಟು ಮಾಡಿದರೆ ಸೆಲ್ ಒಡೆಯುತ್ತದೆ, ಒಡೆದ ಸೆಲ್‌ನ ಡಿಎನ್‌ಎ ಅಂಟಾಗಿ ಉಳಿದವನ್ನು ಗಂಟು ಕಟ್ಟುತ್ತದೆ. ಗಂಟಿದ್ದರೆ ಎಣಿಕೆ ಸುಳ್ಳು. ಎಣಿಸುವ ಮುಂಚೆ 40 ಮೈಕ್ರಾನ್ ಬಲೆಯಲ್ಲಿ ಸೋಸಿ, ಎರಡು ಸಲ ಎಣಿಸಿ, ಎರಡರ ನಡುವೆ 10%ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮೂರನೇ ಸಲ ಎಣಿಸಿ. ಬೇಸರದ ಕೆಲಸ, ಗೊತ್ತು.

ಇನ್ನೊಂದು ಪ್ರಶ್ನೆ. ಮೊದಲ ದಿನ ಐಪಿಎಸ್ ಡಿಶ್ ಎಷ್ಟು ತುಂಬಿದಾಗ ಆಕ್ಟಿವಿನ್ ಶುರು ಮಾಡುತ್ತೀರಿ?

ಕಿಟ್ಟಿ_ಲ್ಯಾಬ್

ಅದು... ವಾರದ ಮೇಲೆ. ಸೋಮವಾರ ಶುರು ಮಾಡಿದರೆ ಭಾನುವಾರ ಬರಬೇಕಾಗಿಲ್ಲ ಅಂತ ಸೋಮವಾರ ಎಷ್ಟು ತುಂಬಿದೆಯೋ ಅಷ್ಟು. 50% ಇರುತ್ತದೆ, ಕೆಲವು ಸಲ 90%.

ಸಿಆರ್‌ಒ_ಸಂಕಟ

ಇಡೀ ಪುಟದಲ್ಲಿ ಇದೊಂದು ಸಾಲು ಚಿನ್ನ. ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಶರಣು.

90% ತುಂಬಿದ ಡಿಶ್‌ನಲ್ಲಿ ನಡುವಿನ ಸೆಲ್‌ಗಳಿಗೆ ಸಿಗ್ನಲ್ ಬೇರೆ, ಅಂಚಿನವಕ್ಕೆ ಬೇರೆ. ಅಲ್ಲಿ ಎಂಡೋಡರ್ಮ್ ಆಗದೆ ಉಳಿದ ಸೆಲ್‌ಗಳು ಎಂಟನೇ ದಿನ ನಿಮ್ಮ ಉಂಡೆಯೊಳಗೆ ಹೋಗಿ ಕೂರುತ್ತವೆ. ನಾನು ಮೇಲೆ ಹೇಳಿದ ಅವಳಿ ಜವಳಿ ಬರುವುದು ಇಲ್ಲಿಂದಲೇ. ನಾಲ್ಕನೇ ದಿನ ಫ್ಲೋ ಯಂತ್ರದಲ್ಲಿ (ಸೆಲ್‌ಗಳನ್ನು ಒಂದೊಂದಾಗಿ ಎಣಿಸುವುದು) ಎಂಡೋಡರ್ಮ್‌ನ ಗುರುತುಗಳಾದ ಎಸ್‌ಒಎಕ್ಸ್17 ಮತ್ತು ಸಿಎಕ್ಸ್‌ಸಿಆರ್4 ಎಷ್ಟು ಸೆಲ್‌ಗಳಲ್ಲಿವೆ ನೋಡಿ. ನಾವು 85%ಗಿಂತ ಕಡಿಮೆ ಬಂದರೆ ಆ ಬ್ಯಾಚ್ ಅಲ್ಲೇ ಬಿಸಾಡುತ್ತೇವೆ. ಅಳು ಬರುತ್ತದೆ, ಆಕ್ಟಿವಿನ್ ಬೆಲೆ ಗೊತ್ತಲ್ಲ. ಆದರೆ ಇನ್ನೂ ಇಪ್ಪತ್ತು ದಿನ ಅದರ ಮೇಲೆ ದುಡ್ಡು ಸುರಿಯುವುದಕ್ಕಿಂತ ವಾಸಿ.

ಎಷ್ಟನೇ ಪ್ಯಾಸೇಜ್? ಅಂದರೆ ಆ ಐಪಿಎಸ್ ಸೆಲ್‌ಗಳನ್ನು ಎಷ್ಟು ಸಲ ಹೊಸ ಡಿಶ್‌ಗೆ ಬಿಡಿಸಿ ಹಾಕಿದ್ದೀರಿ?

ಕಿಟ್ಟಿ_ಲ್ಯಾಬ್

62.

ಸಿಆರ್‌ಒ_ಸಂಕಟ

ಅಪ್ಪಾ. ಕ್ರೋಮೋಸೋಮ್ ನೋಡಿಸಿದ್ದೀರಾ? 20ನೇ ಕ್ರೋಮೋಸೋಮಿನ ಉದ್ದ ತೋಳಿನ ಒಂದು ತುಂಡು ಹೆಚ್ಚಾಗುವುದು ಐಪಿಎಸ್‌ನಲ್ಲಿ ಪದೇ ಪದೇ ಕಾಣುವ ರೋಗ. ಅದಿದ್ದ ಸೆಲ್ ಸುಲಭವಾಗಿ ಸಾಯುವುದಿಲ್ಲ, ಹಾಗಾಗಿ ಡಿಶ್ ತುಂಬ ಅದೇ ಆಗುತ್ತದೆ. ನೀವು ಅಂದುಕೊಳ್ಳುತ್ತೀರಿ, ಆಹಾ ನಮ್ಮ ಸೆಲ್ ಈಗ ಎಷ್ಟು ಚೆನ್ನಾಗಿ ಬೆಳೆಯುತ್ತಿದೆ ಅಂತ. ತುಂಡು ಚಿಕ್ಕದಾಗಿದ್ದರೆ ಮಾಮೂಲಿ ಕ್ಯಾರಿಯೋಟೈಪ್‌ನಲ್ಲಿ (ಮೈಕ್ರೋಸ್ಕೋಪಿನಲ್ಲಿ ಕ್ರೋಮೋಸೋಮ್ ನೋಡುವುದು) ಕಾಣುವುದೂ ಇಲ್ಲ, ಅದಕ್ಕೆ ಬೇರೆ ಪಿಸಿಆರ್ ಮಾಡಬೇಕು. ಸಾಯದ ಸೆಲ್ ಇಟ್ಟುಕೊಂಡು ಔಷಧಿ ಸಾಯಿಸುತ್ತದೆಯೇ ಅಂತ ನೋಡುವುದು ತಮಾಷೆ ಅಲ್ವಾ?

ಲೆಕ್ಕದ_ಮೇಷ್ಟ್ರು

ನಡುವೆ ಮನೆ ಮಾತು ಕೇಳುತ್ತೇನೆ. ಕೊರೊನಾ ಕಾಲದಲ್ಲಿ ನಮ್ಮ ಬೀದಿಯಲ್ಲಿ ಎಲ್ಲರೂ ಅಮೃತಬಳ್ಳಿ ಕಷಾಯ ಕುಡಿದರು, ನಾನೂ ಕುಡಿದೆ. ಆಮೇಲೆ ಅದರಿಂದ ಲಿವರ್‌ಗೆ ತೊಂದರೆ ಅಂತ ಪೇಪರಲ್ಲಿ ಬಂತು, ಇಲ್ಲ ಅಂತಲೂ ಬಂತು. ನಿಮ್ಮ ಉಂಡೆಗೆ ಎರಡು ಹನಿ ಕಷಾಯ ಹಾಕಿ ನೋಡಿ ಹೇಳಿಬಿಡಬಾರದೇ?

ಹಳೇ_ಪಿಪೆಟ್

ಹೇಳಿಬಿಡುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು ಮೇಷ್ಟ್ರೇ. 2021ರಲ್ಲಿ ಮುಂಬೈ ವೈದ್ಯರು ಅಂಥ 6 ರೋಗಿಗಳ ಬಗ್ಗೆ ಬರೆದರು, ಆಯುಷ್ ಸಚಿವಾಲಯ ಒಪ್ಪಲಿಲ್ಲ. ವೈದ್ಯರು ಕಂಡದ್ದು ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ತಿರುಗಿಬಿದ್ದ ತರಹದ ಚಿತ್ರ. ಕಿಟ್ಟಿಯ ಉಂಡೆಯಲ್ಲಿ ಆ ಪಡೆಯೇ ಇಲ್ಲ, ಬರೀ ಲಿವರ್ ಸೆಲ್. ಹಾಗಾಗಿ ಉಂಡೆ ಆರಾಮಾಗಿದ್ದರೂ ಏನೂ ಹೇಳಿದ ಹಾಗಾಗುವುದಿಲ್ಲ.

ಕಷಾಯದಲ್ಲಿ ನೂರೆಂಟು ವಸ್ತು ಬೇರೆ. ಅದರಲ್ಲಿ ಯಾವುದು ಕರುಳು ದಾಟಿ ಲಿವರ್‌ವರೆಗೆ ಬರುತ್ತದೆ, ಎಷ್ಟು ಬರುತ್ತದೆ? ಕಷಾಯದ ಬಣ್ಣವೇ ಬೆಳಕಿನ ಓದನ್ನು ನುಂಗಿಬಿಡುತ್ತದೆ. ಒಮ್ಮೆ ಒಂದು ಸೊಪ್ಪಿನ ಸಾರ ಹಾಕಿ ಎಲ್ಲ ಉಂಡೆ ಸತ್ತವು ಅಂತ ನಾನೇ ಮೀಟಿಂಗ್‌ನಲ್ಲಿ ಹೇಳಿದ್ದೆ. ಸತ್ತಿರಲಿಲ್ಲ, ಸಾರದ ಹಸಿರಿಗೆ ಮೀಟರ್ ಕುರುಡಾಗಿತ್ತು.

ಡಚ್ಚರ_ಊರಿಂದ

ಟಿಬಿ ಮಾತ್ರೆಗಳ ವಿಷಯದಲ್ಲಿ ಮಾತ್ರ ನಮ್ಮ ದೇಶಕ್ಕೆ ಇದು ನಿಜವಾಗಿ ಬೇಕು. ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಲಿವರ್‌ಗೆ ಭಾರ. ಐಸೋನಿಯಜಿಡ್ ಒಡೆಯುವ ಎನ್‌ಎಟಿ2 ಕಿಣ್ವ ಕೆಲವರಲ್ಲಿ ನಿಧಾನ, ಅವರಿಗೆ ಅಪಾಯ ಜಾಸ್ತಿ. ಒಬ್ಬನೇ ದಾನಿಯ ಸೆಲ್‌ನಿಂದ ಸಾವಿರ ಉಂಡೆ ಮಾಡಿದರೂ ಅದು ಒಬ್ಬನೇ ಮನುಷ್ಯ, ಸಾವಿರ ಜನ ಅಲ್ಲ.

ತಕೆಬೆ ತಂಡದ 2021ರ ಕೆಲಸದಲ್ಲಿ ಮಾರುಕಟ್ಟೆಯ 238 ಔಷಧಿಗಳನ್ನು ಆರ್ಗನಾಯ್ಡ್ ಮೇಲೆ ಹಾಕಿದರು. ಸೂಕ್ಷ್ಮತೆ (ವಿಷವನ್ನು ವಿಷ ಅಂತ ಹಿಡಿದದ್ದು) 88.7%, ನಿರ್ದಿಷ್ಟತೆ (ವಿಷ ಅಲ್ಲದ್ದನ್ನು ಅಲ್ಲ ಅಂದದ್ದು) 88.9%. ನನಗೆ ಆ ಅಂಕಿಗಿಂತ ಹಿಡಿಸಿದ್ದು ಬೊಸೆಂಟಾನ್ ಅನ್ನುವ ಔಷಧಿಯ ಭಾಗ. ಸಿಪ್2ಸಿ9 ಜೀನಿನ ಒಂದು ಬಗೆ ಇದ್ದ ದಾನಿಯ ಉಂಡೆಯಲ್ಲಿ ಮಾತ್ರ ಪಿತ್ತ ಕಟ್ಟಿಕೊಂಡಿತು.

ಹಾಗಾಗಿ ಸಿಆರ್‌ಒ ಅವರೇ, ಎಲ್ಲ ವ್ಯತ್ಯಾಸವನ್ನೂ ಒರೆಸಿಹಾಕುವ ಆತುರ ಬೇಡ. ಟ್ಯೂಬ್ ಕಲಕದ್ದರಿಂದ ಬಂದ ವ್ಯತ್ಯಾಸ ಹೋಗಲಿ, ದಾನಿಯಿಂದ ಬಂದದ್ದು ಇರಲಿ. ಮೊದಲನೆಯದು ಹೋಗದೆ ಎರಡನೆಯದು ಕಾಣುವುದೇ ಇಲ್ಲ.

ಸಿಆರ್‌ಒ_ಸಂಕಟ

ಮೊದಲ ಸಲ ನಿಮ್ಮ ಜೊತೆ ಪೂರ್ತಿ ಒಪ್ಪುತ್ತಿದ್ದೇನೆ.

ನಂಬದವ

ಅಂತೂ ಪ್ರಾಣಿಗಳಿಗೆ ಬಿಡುಗಡೆ ಯಾವಾಗ?

ಸಿಆರ್‌ಒ_ಸಂಕಟ

ಬಾಗಿಲು ತೆರೆದಿದೆ, ಇನ್ನೂ ಯಾರೂ ಪೂರ್ತಿ ಒಳಗೆ ಹೋಗಿಲ್ಲ. ಅಮೆರಿಕದಲ್ಲಿ 2022ರ ಡಿಸೆಂಬರ್‌ನಲ್ಲಿ ಕಾನೂನು ಬದಲಾಯಿತು, ಪ್ರಾಣಿ ಪರೀಕ್ಷೆ ಕಡ್ಡಾಯ ಅನ್ನುವ ಮಾತು ಹೋಯಿತು. ನಮ್ಮಲ್ಲೂ 2023ರಲ್ಲಿ ಹೊಸ ಔಷಧಿಗಳ ನಿಯಮಕ್ಕೆ ತಿದ್ದುಪಡಿ ತಂದು ಸೆಲ್ ಪರೀಕ್ಷೆ, ಆರ್ಗನ್ ಚಿಪ್ (ಸಣ್ಣ ಕಾಲುವೆಗಳಲ್ಲಿ ಅಂಗದ ಸೆಲ್ ಬೆಳೆಸುವ ಬಿಲ್ಲೆ) ಇವನ್ನೆಲ್ಲ ಒಪ್ಪುತ್ತೇವೆ ಅಂದರು. 2022ರಲ್ಲಿ ಲಿವರ್ ಚಿಪ್ ಮೇಲೆ ಒಂದು ದೊಡ್ಡ ಪರೀಕ್ಷೆ ಬಂತು, 870 ಚಿಪ್, 27 ಔಷಧಿ, ಸೂಕ್ಷ್ಮತೆ 87%. ಆದರೆ ನನ್ನ ಗಿರಾಕಿ ಫೋನ್ ಮಾಡಿ ಕೇಳುವುದು ಇದ್ಯಾವುದನ್ನೂ ಅಲ್ಲ. ಹೋದ ತಿಂಗಳ ಪ್ಲೇಟ್, ಈ ತಿಂಗಳ ಪ್ಲೇಟ್ ಎರಡೂ ಒಂದೇ ಉತ್ತರ ಕೊಟ್ಟವಾ ಅಂತ.

ಕಿಟ್ಟಿ_ಲ್ಯಾಬ್

ದುಡ್ಡಿನ ಪ್ರಶ್ನೆ. ಆ ಮೈಕ್ರೋವೆಲ್ ಪ್ಲೇಟ್ ಹೊರಗಿಂದ ತರಿಸಬೇಕು, ಬೆಲೆ ಕೇಳಿ ಬಾಸ್ ಮುಖ ಕಪ್ಪಾಯಿತು. ನಾವೇ ಮಾಡಿಕೊಳ್ಳಬಹುದಾ? ಪಿಡಿಎಂಎಸ್ (ಸಿಲಿಕೋನ್ ರಬ್ಬರ್) ಇದೆ ನಮ್ಮ ಹತ್ತಿರ.

ಹಳೇ_ಪಿಪೆಟ್

ಪಿಡಿಎಂಎಸ್ ಬೇಡ. ಎಣ್ಣೆ ಗುಣದ ಔಷಧಿಗಳನ್ನು ಅದು ಹೀರಿಕೊಳ್ಳುತ್ತದೆ, ನೀವು ಹಾಕಿದ್ದು ಒಂದು, ಉಂಡೆಗೆ ಸಿಕ್ಕಿದ್ದು ಇನ್ನೊಂದು. ಪಿಡಿಎಂಎಸ್ ಅನ್ನು ಅಚ್ಚು ಮಾಡಿ, ಅದರ ಮೇಲೆ 2% ಅಗರೋಸ್ (ಕಡಲ ಪಾಚಿಯ ಜೆಲ್ಲಿ) ಸುರಿದು ಗುಳಿ ಮಾಡಿಕೊಳ್ಳಿ. ಅಗರೋಸ್‌ಗೆ ಸೆಲ್ ಅಂಟುವುದಿಲ್ಲ, ಅಗ್ಗ. ಬಿಸಿ ಇರುವಾಗ ಗುಳ್ಳೆ ಬಂದರೆ ಸೂಜಿಯಿಂದ ಚುಚ್ಚಿ. ಅಚ್ಚಿಂದ ಎತ್ತುವಾಗ ಅಂಚಿಂದ ಬಿಡಿಸಿ, ದೋಸೆ ಎಬ್ಬಿಸುವ ಹಾಗೆ. ನಡುವಿಂದ ಎಳೆದರೆ ಹರಿಯುತ್ತದೆ.

ಔಷಧಿ ಹಾಕುವಾಗ 96 ವೆಲ್ ಪ್ಲೇಟಿನ ಹೊರಸಾಲು ಖಾಲಿ ಬಿಟ್ಟು ನೀರು ತುಂಬಿಸಿ. ಅಂಚಿನ ವೆಲ್ ಬೇಗ ಆರುತ್ತದೆ, ಆರಿದರೆ ಔಷಧಿ ಗಾಢ ಆಗುತ್ತದೆ. ಮತ್ತೆ ಎಟಿಪಿಯನ್ನು, ಸೆಲ್ ಎಷ್ಟಿದೆ ಅಂತ ಹೇಳುವ ಡಿಎನ್‌ಎಯಿಂದ ಭಾಗಿಸಿ ಬರೆಯಿರಿ, ಬರೀ ಎಟಿಪಿ ಬರೆಯಬೇಡಿ.

ಡಚ್ಚರ_ಊರಿಂದ

ಇನ್ನೊಂದು, ಟ್ರೋವಾಫ್ಲಾಕ್ಸಸಿನ್ ಒಂದನ್ನೇ ಹಾಕಿದರೆ ಅನೇಕ ಸಲ ಏನೂ ಕಾಣುವುದಿಲ್ಲ. ಜೊತೆಗೆ ಉರಿಯೂತ ತರುವ ಪ್ರೋಟೀನ್ ಟಿಎನ್‌ಎಫ್ ಆಲ್ಫಾ ಹಾಕಿ, ಉರಿಯೂತ ಇದ್ದಾಗಲೇ ಅದರ ಬಣ್ಣ ಬಯಲಾಗುವುದು. ಲೆವೋಫ್ಲಾಕ್ಸಸಿನ್‌ಗೂ ಅಷ್ಟೇ ಟಿಎನ್‌ಎಫ್ ಹಾಕಿ, ಬರೀ ಟಿಎನ್‌ಎಫ್‌ನದ್ದೂ ಒಂದು ಸಾಲು ಇರಲಿ.

ಕಿಟ್ಟಿ_ಲ್ಯಾಬ್

ಏಳು ವಾರದ ನಂತರ ಬರೆಯುತ್ತಿದ್ದೇನೆ. ಬದುಕಿದ್ದೇನೆ.

62ನೇ ಪ್ಯಾಸೇಜ್ ಸೆಲ್‌ಗೆ ಪಿಸಿಆರ್ ಮಾಡಿಸಿದೆ. ಹೌದು, 20ರ ತುಂಡು ಇತ್ತು. ಹಳೇ ಲೆಕ್ಕ ಎಲ್ಲ ಕಸ. ನೈಟ್ರೋಜನ್ ಡಬ್ಬಿಯ ತಳದಲ್ಲಿ 19ನೇ ಪ್ಯಾಸೇಜಿನ ಎರಡು ವಯಲ್ ಸಿಕ್ಕವು, ಅದನ್ನು ಪರೀಕ್ಷಿಸಿದರೆ ಸರಿ ಇತ್ತು, ಅದರಿಂದ ಹೊಸದಾಗಿ ಶುರು ಮಾಡಿದೆ. ಡಿಶ್ 65% ತುಂಬಿದ ದಿನವೇ ಆಕ್ಟಿವಿನ್. ಅಂದರೆ ಮೂರು ಭಾನುವಾರ ಹೋದವು, ಒಂದು ಮದುವೆಯೂ ಹೋಯಿತು. ನಾಲ್ಕನೇ ದಿನ ಎಸ್‌ಒಎಕ್ಸ್17 ಒಂದು ಬ್ಯಾಚಿನಲ್ಲಿ 71% ಬಂತು. ಕಣ್ಣು ಮುಚ್ಚಿ ಬ್ಲೀಚ್ ಸುರಿದೆ. ಉಳಿದ ಮೂರು 88ರ ಮೇಲೆ.

ಅಗರೋಸ್ ಗುಳಿ ಮಾಡಿಕೊಂಡೆ, ಮೊದಲ ಆರು ಹರಿದವು. ಟ್ಯೂಬನ್ನು ನಾಲ್ಕು ವೆಲ್ಲಿಗೊಮ್ಮೆ ತಿರುಗಿಸಿದೆ. ಮರೆಯಬಾರದು ಅಂತ ಹುಡ್‌ನ ಗಾಜಿನ ಮೇಲೆ "ಅಂಬಲಿ" ಅಂತ ಚೀಟಿ ಅಂಟಿಸಿದ್ದೇನೆ, ಹೊಸ ಹುಡುಗಿ ಬಂದವಳು ಇದೇನು ರಿಏಜೆಂಟ್ ಅಂತ ಕೇಳಿದಳು.

ಔಷಧಿ ಹಾಕದ ಸಾಲು, ಡಿಎನ್‌ಎಯಿಂದ ಭಾಗಿಸಿ, ಮೂರು ಬ್ಯಾಚ್ ಸೇರಿಸಿ ವ್ಯತ್ಯಾಸ 11%. ಒಂದೂ ಉಂಡೆ ಆರಿಸಿಲ್ಲ. ಜರಡಿಯಲ್ಲಿ ಹೋದದ್ದು 8%, ಅದನ್ನೂ ಬರೆದಿಟ್ಟಿದ್ದೇನೆ. ಟ್ರೋವಾ ಒಂದೇ ಹಾಕಿದಾಗ ಏನೂ ಇಲ್ಲ. ಟಿಎನ್‌ಎಫ್ ಜೊತೆ ಹಾಕಿದಾಗ ಮೂರು ಬ್ಯಾಚಲ್ಲೂ ಗೆರೆ ಕೆಳಗಿಳಿಯಿತು, ಹೆಚ್ಚುಕಮ್ಮಿ ಒಂದರ ಮೇಲೊಂದು ಕೂತಿದೆ. ಲೆವೋ ಅಲ್ಲಾಡಲಿಲ್ಲ.

ಸಿಆರ್‌ಒ_ಸಂಕಟ

ಸಿಪ್3ಎ4?

ಕಿಟ್ಟಿ_ಲ್ಯಾಬ್

ರಿಫಾಂಪಿಸಿನ್ ಹಾಕಿದರೆ ಏರುತ್ತದೆ. ಆದರೆ ಮಟ್ಟ ಇನ್ನೂ ಕಡಿಮೆಯೇ, ಎಎಫ್‌ಪಿ ಇನ್ನೂ ಇದೆ. ಅದರಲ್ಲಿ ಏನೂ ಪವಾಡ ಆಗಿಲ್ಲ. ಪ್ಯಾರಾಸಿಟಮಾಲ್ ಹಾಕುವ ಧೈರ್ಯ ಇನ್ನೂ ಬಂದಿಲ್ಲ.

ಸಿಆರ್‌ಒ_ಸಂಕಟ

ಸರಿ. ಎರಡನೇ ದಾನಿಯ ಸೆಲ್‌ನಲ್ಲಿ ಇದನ್ನೇ ಮಾಡಿ. ಮತ್ತೆ ಒಂದು ಪ್ಲೇಟನ್ನು ಆ ಹೊಸ ಹುಡುಗಿಯ ಕೈಯಲ್ಲಿ ಹಾಕಿಸಿ, ನೀವು ಆ ದಿನ ಲ್ಯಾಬ್‌ಗೇ ಹೋಗಬೇಡಿ.

ಕಿಟ್ಟಿ_ಲ್ಯಾಬ್

ಅದು ಮಾತ್ರ ಎದೆ ಢವಢವ. ಸೋಮವಾರ ಎರಡನೇ ದಾನಿಯ ವಯಲ್ ಎತ್ತುತ್ತೇನೆ. ಅಯ್ಯೋ, ಸೋಮವಾರ ಅಲ್ಲ, ಮೊದಲನೆಯದು 65 ಆದ ದಿನ ಲೆಕ್ಕ ಹಾಕಿ ಹೇಳುತ್ತೇನೆ.

ಲೆಕ್ಕದ_ಮೇಷ್ಟ್ರು

ಫೋಟೋ ಹಾಕಿ ಕಿಟ್ಟಿಯವರೇ, ಮೊಮ್ಮಗಳಿಗೆ ತೋರಿಸಬೇಕು. ಕೆಳಗೆ ಅಳತೆಯ ಗೆರೆ ಇರಲಿ, ಇಲ್ಲದಿದ್ದರೆ ಅವಳು ನಂಬುವುದಿಲ್ಲ.

ಕಿಟ್ಟಿ_ಲ್ಯಾಬ್

ಖಂಡಿತ ಮೇಷ್ಟ್ರೇ. ಮೈಕ್ರೋಸ್ಕೋಪಿನ ಕಂಪ್ಯೂಟರ್ ಗುರುವಾರದವರೆಗೆ ಬೇರೆಯವರ ಹೆಸರಲ್ಲಿದೆ, ಶುಕ್ರವಾರ ಹಾಕುತ್ತೇನೆ.